ಅಪ್ಪನ ಯೆಜ್ಡಿಗೆ ಮಗಳ ಚೀಟಿ ದುಡ್ಡು

ತವರುಮನೆಯ ಹಿತ್ತಲಲ್ಲೋ, ಮೆಟ್ಟಿಲ ಕೆಳಗೋ ಗೋಣಿಚೀಲ ಹೊದ್ದುಕೊಂಡು ನಿಂತ ಹಳೇ ಗಾಡಿಯೊಂದು ನಿಮ್ಮಲ್ಲೂ ಇದೆಯಾ? ಚೇತಕ್, ಲ್ಯಾಂಬ್ರೆಟ್ಟಾ, ರಾಜದೂತ್... ಯಾವುದೋ ಒಂದು. ಹಬ್ಬಕ್ಕೆ ಹೋದಾಗಲೆಲ್ಲ ಅಮ್ಮ ‘ಗುಜರಿಗೆ ಹಾಕ್ರೀ ಅದನ್ನ, ಜಾಗ ಆದ್ರೂ ಖಾಲಿ ಆಗುತ್ತೆ’ ಅಂತಾರೆ. ಅಪ್ಪ ಪೇಪರಿನಿಂದ ತಲೆ ಎತ್ತೋದೇ ಇಲ್ಲ. ಹಾಗಿದ್ದರೆ ಈ ಬರಹ ನಿಮಗಾಗಿಯೇ.

ನನ್ನಪ್ಪನದು ಯೆಜ್ಡಿ ರೋಡ್‌ಕಿಂಗ್. ಕೊಂಡಿದ್ದು 1987ರಲ್ಲಿ. ತಿಪಟೂರು ಸುತ್ತಮುತ್ತ ಪಶು ಆಸ್ಪತ್ರೆಯ ಕೆಲಸದಲ್ಲಿದ್ದ ಅಪ್ಪ ಹಳ್ಳಿಹಳ್ಳಿ ತಿರುಗಿದ್ದು ಇದರಲ್ಲೇ. ಪೆಟ್ರೋಲ್ ಟ್ಯಾಂಕಿನ ಮೇಲೆ ಟವೆಲ್ ಹಾಸಿಕೊಂಡು ನಾನು ಕೂತಿದ್ದು ಈಗಲೂ ನೆನಪಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಜೆಕ್ ದೇಶದ ಜಾವಾ ಕಂಪನಿಯ ಸಹಯೋಗದಲ್ಲಿ 1961ರ ಹೊತ್ತಿಗೆ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ನಮ್ಮ ಗಾಡಿ ಮಾತ್ರ 2012ರವರೆಗೂ ಓಡಿತು. ಒಂದು ದಿನ ಎಂಜಿನ್ ಹಿಡಿದುಕೊಂಡಿತು, ಅಷ್ಟೇ. ಗೋಣಿಚೀಲ ಬಿತ್ತು.

ಈಗ ಅಪ್ಪನಿಗೆ ಎಪ್ಪತ್ತೊಂದು. ಮಾತು ಕಡಿಮೆ. ಫೋನ್ ಮಾಡಿದರೆ ‘ಊಟ ಆಯ್ತಾ? ಮಕ್ಕಳು ಚೆನ್ನಾಗಿದಾವಾ? ತಗೋ, ಅಮ್ಮಂಗೆ ಕೊಡ್ತೀನಿ.’ ಅರ್ಧ ನಿಮಿಷ! ನಿಮ್ಮಪ್ಪನೂ ಹೀಗೇನಾ? ಯೆಜ್ಡಿಯನ್ನು ಮತ್ತೆ ಓಡಿಸಬೇಕು ಅಂತ ನನಗೆ ಅನ್ನಿಸಿದ್ದು ಈ ಅರ್ಧ ನಿಮಿಷದಿಂದಲೇ. ಕೈಯಲ್ಲಿದ್ದದ್ದು ಮೂವತ್ತು ಸಾವಿರ. ಬಿಡಿ ಬರಹಗಳಿಂದ ಬಂದ ಪುಡಿಗಾಸನ್ನೆಲ್ಲ ಸೇರಿಸಿ ಚೀಟಿ ಕಟ್ಟಿದ್ದ ಹಣ.

ಮನೆಯಲ್ಲಿ ವಿಷಯ ಎತ್ತಿದೆ. ‘ಅದೇ ದುಡ್ಡಿಗೆ ಮಾವನಿಗೆ ಒಂದು ಒಳ್ಳೇ ಆರಾಮ ಕುರ್ಚಿ ಕೊಡಿಸಬಹುದಲ್ಲ’ ಅಂದರು ನಮ್ಮವರು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಅತ್ತೆಯವರು ಮಾತ್ರ ‘ತವರಿಗೆ ಹೋಗೋ ದುಡ್ಡಿಗೆ ಲೆಕ್ಕ ಇರಲ್ಲ ಬಿಡು’ ಅಂತ ಒಗ್ಗರಣೆ ಹಾಕಿದರು. ಮಗ ಅಪ್ಪನಿಗೆ ದೊಡ್ಡ ಟಿ.ವಿ. ತಂದುಕೊಟ್ಟರೆ ‘ಎಂಥಾ ಮಗ’ ಅಂತಾರೆ. ಮಗಳು ತಾನೇ ದುಡಿದ ಹಣದಲ್ಲಿ ಅಪ್ಪನ ಗಾಡಿಗೆ ಟಯರ್ ಹಾಕಿಸಿದರೆ ಅದು ದುಂದು. ಈ ಲೆಕ್ಕ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಮನೆಖರ್ಚಿನಿಂದ ಒಂದು ರೂಪಾಯಿಯನ್ನೂ ತೆಗೆಯಲ್ಲ, ಮೂವತ್ತು ದಾಟಿದರೆ ನಿಲ್ಲಿಸ್ತೀನಿ ಅಂತ ಹೇಳಿ ಶುರು ಮಾಡಿದೆ. ನೀವೂ ಮೊದಲೇ ಒಂದು ಗೆರೆ ಎಳೆದುಕೊಳ್ಳಿ. ಹಳೇ ಗಾಡಿ ಅಂದರೆ ಮದುವೆ ಮನೆ ಖರ್ಚಿದ್ದ ಹಾಗೆ, ಬಿಟ್ಟರೆ ನಿಲ್ಲೋದೇ ಇಲ್ಲ.

ಇನ್ನು ನನ್ನ ತಪ್ಪಿನ ಕಥೆ. ಅಪ್ಪ ಅಮ್ಮ ಹತ್ತು ದಿನ ಕಾಶಿಗೆ ಹೋಗಿದ್ದಾಗ ಬೆಂಗಳೂರಿಂದ ಊರಿಗೆ ಓಡಿದೆ. ಸರ್‌ಪ್ರೈಸ್ ಕೊಡೋ ಹುಚ್ಚು! ಎಂಜಿನ್ ಆಮೇಲೆ ನೋಡಿದರಾಯಿತು, ಮೊದಲು ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ ಟ್ಯಾಂಕ್ ಬಿಚ್ಚಿಸಿ ಪೇಂಟಿಂಗಿಗೆ ಕೊಟ್ಟೆ. ಎಡಗಡೆ ಒಂದು ದೊಡ್ಡ ನೆಗ್ಗು ಇತ್ತು. ಅದಕ್ಕೆ ಪುಟ್ಟಿ ತುಂಬಿಸಿ, ಉಜ್ಜಿಸಿ, ಕೆಂಪು ಬಣ್ಣ ಹೊಡೆಸಿದೆ. 2,800 ರೂಪಾಯಿ. ಕನ್ನಡಿ ಥರ ಹೊಳೀತಿತ್ತು.

ಅಪ್ಪ ಬಂದು ನೋಡಿದರು. ನೆಗ್ಗಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು. ‘ಚೆನ್ನಾಗಿದೆ’ ಅಂದು ಕೈಕಾಲು ತೊಳೆಯೋಕೆ ಹೋದರು. ರಾತ್ರಿ ಊಟಕ್ಕೆ ಕೂತಾಗ ಹೇಳಿದ್ದು: 1993ರಲ್ಲಿ ಹೊನ್ನವಳ್ಳಿ ಕಡೆ ಒಂದು ಹಳ್ಳಿಯಲ್ಲಿ ಇಂಜೆಕ್ಷನ್ ಹಾಕಿ ವಾಪಸ್ ಹೊರಟು ಗಾಡಿ ಹತ್ತಿದ್ದಾಗ ಹಗ್ಗ ಕಿತ್ತುಕೊಂಡ ಹಳ್ಳಿಕಾರ್ ಹೋರಿ ತಿವಿದ ಗುರುತಂತೆ ಅದು. ‘ಟ್ಯಾಂಕ್ ಅಡ್ಡ ಬರದಿದ್ರೆ ನನ್ನ ತೊಡೆ ಹೋಗಿರೋದು. ನೀನಾಗ ಎರಡು ವರ್ಷದ ಮಗು.’ ಇಷ್ಟು ವರ್ಷದಲ್ಲಿ ಒಂದು ಸಲವೂ ಆ ವಿಷಯ ಎತ್ತಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ಹೇಳ್ತೀನಿ, ಹೆತ್ತವರ ವಸ್ತು ಮುಟ್ಟುವಾಗ ಸರ್‌ಪ್ರೈಸ್ ಬೇಡವೇ ಬೇಡ. ಮುಂದಿನದೆಲ್ಲ ಅಪ್ಪನದೇ ಯಜಮಾನಿಕೆ ಅಂತ ಬಿಟ್ಟುಕೊಟ್ಟೆ. ಅವರು ಹಳೇ ಡೈರಿಯಲ್ಲಿ ಪಟ್ಟಿ ಬರೆದರು, ಊರಿನ ಹಳೇ ಮೆಕ್ಯಾನಿಕ್ಕನ್ನು ಹುಡುಕಿದರು. ನಾನು ಸಾಮಾನು ತರೋಳು, ದುಡ್ಡು ಕೊಡೋಳು ಅಷ್ಟೇ.

ನನ್ನ ಮೈದುನನ ಮಗ ಮೊಬೈಲಿನಲ್ಲಿ ಅಮೆರಿಕದ ‘ಹಾಟ್ ರಾಡ್’ ಕಾರುಗಳನ್ನು ತೋರಿಸಿ ‘ದೊಡ್ಡಮ್ಮ, ಹೀಗೆ ಕತ್ತರಿಸಿ ಹೊಸ ಥರ ಮಾಡೋಣ’ ಅಂದ. ಕ್ಯಾಲಿಫೋರ್ನಿಯಾ ಕಡೆಯ ಹುಡುಗರು ಹಳೇ ಫೋರ್ಡ್ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಿತ್ತು ಹಗುರ ಮಾಡಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಒಣಗಿದ ಕೆರೆಯಂಗಳದಲ್ಲಿ ಓಡಿಸುತ್ತಿದ್ದರಂತೆ. ಕಡಿಮೆ ದುಡ್ಡಿನವರ ಹವ್ಯಾಸವೇ, ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಒಪ್ಪಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೂ ಅಲ್ಲದೆ, ಅಪ್ಪನಿಗೆ ಬೇಕಿದ್ದದ್ದು ಅವರ ಗಾಡಿ, ಬೇರೆ ಯಾರದೋ ಅಲ್ಲ.

ಸ್ಪಾನರ್ ಮುಟ್ಟುವ ಮೊದಲು ಆರ್.ಸಿ. ಪುಸ್ತಕ ಹುಡುಕಿ. ನಮ್ಮದು ಎಲ್.ಐ.ಸಿ. ಬಾಂಡುಗಳ ಮಧ್ಯೆ ಸಿಕ್ಕಿತು. ಮೊದಲ ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇಪ್ಪತ್ತು ವರ್ಷ ದಾಟಿದ ಬೈಕಿಗೆ ಇದರ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ ಎರಡು ಸಾವಿರಕ್ಕೆ ಏರಿಸಿದ್ದಾರೆ. ಅವಧಿ ಮೀರಿದ್ದರೆ ದಂಡ ಬೇರೆ. ನಾನು ಇದನ್ನೆಲ್ಲ ಮೂವತ್ತು ಸಾವಿರದಲ್ಲಿ ಸೇರಿಸಿರಲಿಲ್ಲ, ಅಪ್ಪನೇ ತಮ್ಮ ಪೆನ್ಷನ್ನಿನಿಂದ ಕಟ್ಟಿದರು. ಅಪ್ಪನ ಡ್ರೈವಿಂಗ್ ಲೈಸೆನ್ಸನ್ನೂ ತೆಗೆದು ನೋಡಿ. ಈ ವಯಸ್ಸಿಗೆ ಐದು ವರ್ಷಕ್ಕಷ್ಟೇ ಕೊಡ್ತಾರೆ, ವೈದ್ಯರ ಪ್ರಮಾಣಪತ್ರವೂ ಬೇಕು. ನಾನಂತೂ ಕಣ್ಣು, ಮಂಡಿ ಎರಡನ್ನೂ ತೋರಿಸದೆ ಕೀ ಕೊಡಲ್ಲ ಅಂದಿದ್ದೆ.

ಇನ್ನು ಸಾಮಾನು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀರೆ ಉಟ್ಟುಕೊಂಡು ಯೆಜ್ಡಿ ಪಿಸ್ಟನ್ ಕೇಳಿದರೆ ಎರಡು ಸಲ ನೋಡ್ತಾರೆ. ನೋಡಲಿ ಬಿಡಿ! ಬಾಯಲ್ಲಿ ವಿವರಿಸೋಕೆ ಹೋಗಬೇಡಿ. ಹಳೇ ಭಾಗವನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ಕೌಂಟರ್ ಮೇಲಿಡಿ, ಬ್ಲೌಸ್ ಪೀಸಿಗೆ ಮ್ಯಾಚಿಂಗ್ ನೋಡೋ ಹಾಗೆ. ಸಿಲಿಂಡರ್ ಸವೆದಿದ್ದರೆ ರೀಬೋರ್ ಮಾಡಿಸಬೇಕು. ಆದರೆ ಪಿಸ್ಟನ್ ಕೈಗೆ ಸಿಕ್ಕಿದ ಮೇಲೆಯೇ ಬೋರ್ ಮಾಡಿಸಿ. ಮೊದಲು ಬೋರ್ ಮಾಡಿಸಿ ಆಮೇಲೆ ಆ ಸೈಜಿನ ಪಿಸ್ಟನ್ ಸಿಗಲಿಲ್ಲ ಅಂದರೆ ತಲೆ ಮೇಲೆ ಕೈ. ಇದು ಅಪ್ಪ ಹೇಳಿಕೊಟ್ಟಿದ್ದು.

ನಮ್ಮ ಎಂಜಿನ್ ಕೆಲಸಕ್ಕೆ, ಅಂದರೆ ರೀಬೋರು, ಪಿಸ್ಟನ್, ಬೇರಿಂಗು, ಆಯಿಲ್ ಸೀಲು, ಕೂಲಿ ಎಲ್ಲ ಸೇರಿ 14,500 ಆಯಿತು. ಟಯರು, ಟ್ಯೂಬಿಗೆ 4,600. ಬ್ರೇಕ್, ಕೇಬಲ್, ಚೈನಿಗೆ 3,900. ಈ ಮೂರರಲ್ಲಿ ಜಿಪುಣತನ ಮಾಡಬೇಡಿ, ಕೂರೋದು ನಿಮ್ಮಪ್ಪ. ವೈರಿಂಗಿಗೆ 3,200. ಉಳಿಸಿದ್ದು ಅಲಂಕಾರದಲ್ಲಿ: ಹೊಸ ಕ್ರೋಮ್ ಹೊಡೆಸಲಿಲ್ಲ, ಇದ್ದದ್ದನ್ನೇ ಉಜ್ಜಿದೆವು. ಸೀಟಿಗೆ ಊರಲ್ಲೇ ಒಂಬೈನೂರಕ್ಕೆ ರೆಕ್ಸಿನ್ ಹಾಕಿಸಿದೆವು. ಟೂ ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಒಳಗೆ ಒಲೆ ಮೇಲಿನ ಪಾತ್ರೆಗಿಂತ ದಪ್ಪ ಮಸಿ ಕಟ್ಟಿರುತ್ತೆ, ಎರಡನ್ನೂ ಕ್ಲೀನ್ ಮಾಡಿಸೋಕೆ ಆರುನೂರು. ಟ್ಯಾಂಕಿನ ಬಣ್ಣದ 2,800 ಸೇರಿ ಒಟ್ಟು 30,500. ಐನೂರು ಜಾಸ್ತಿ ಆಯಿತು, ಒಪ್ಪಿಕೊಳ್ತೀನಿ. ಆ 2,800 ಇಲ್ಲದಿದ್ದರೆ ಗೆರೆ ಒಳಗೇ ಇರ್ತಿದ್ದೆ.

ಎರಡು ಎಚ್ಚರಿಕೆಯ ಮಾತು. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಉಂಟು. ಡ್ರಮ್ ಬಿಚ್ಚಿ ಉಫ್ ಅಂತ ಧೂಳು ಊದೋದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಲಿ. ಇನ್ನೊಂದು, ಈಗ ಸಿಗೋ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತೆ. ಹಳೇ ರಬ್ಬರಿಗೆ ಅದು ಆಗಿಬರಲ್ಲ, ನೀರಿನಂಶವನ್ನೂ ಹೀರಿಕೊಳ್ಳುತ್ತೆ. ಪೆಟ್ರೋಲ್ ಪೈಪ್ ಹೊಸದು ಹಾಕಿಸಿ, ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿ ಇಡಬೇಡಿ.

ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಅಪ್ಪನೇ ಫೋನ್ ಮಾಡ್ತಿದ್ದರು! ‘ಪುಟ್ಟಿ, ಪಾಯಿಂಟ್ ಸೆಟ್ ಸಿಕ್ತಾ? ಡೂಪ್ಲಿಕೇಟ್ ತರಬೇಡ, ವಾಪಸ್ ಕೊಡು.’ ಒಂದು ದಿನ ಇಪ್ಪತ್ತೆರಡು ನಿಮಿಷ ಮಾತಾಡಿದ್ದೇವೆ. ಕಾರ್ಬುರೇಟರಿನಿಂದ ಶುರುವಾದದ್ದು ಅವರ ಮೊದಲ ಪೋಸ್ಟಿಂಗು, ನಾನು ಹುಟ್ಟಿದ ರಾತ್ರಿ ಮಳೆಯಲ್ಲಿ ಇದೇ ಗಾಡಿ ಕೆಟ್ಟು ನಿಂತಿದ್ದು... ಎಲ್ಲ ಬಂತು. ಅಮ್ಮ ಹಿಂದಿನಿಂದ ‘ಸಾರು ಆರ್ತಾ ಇದೆ’ ಅಂತ ಕೂಗ್ತಾ ಇದ್ದರು.

ಗಾಡಿ ಸಿದ್ಧವಾದ ದಿನ ಗೊತ್ತಾಗಿದ್ದು, ಅಪ್ಪನಿಗೆ ಮಂಡಿನೋವಿನಿಂದ ಕಿಕ್ ಹೊಡೆಯೋಕೆ ಆಗಲ್ಲ ಅಂತ. ನಾವ್ಯಾರೂ ಅದನ್ನು ಯೋಚಿಸಿರಲೇ ಇಲ್ಲ. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಕೆಳಗಿಳಿಸಿದರೆ ಗೇರ್. ಸೀರೆ ಸೆರಗು ಸಿಕ್ಕಿಸಿ ನಾನೇ ಪ್ರಯತ್ನಿಸಿದೆ. ಒಂದು, ಎರಡು, ಏಳು... ಎಂಟನೇ ಸಲಕ್ಕೆ ನೀಲಿ ಹೊಗೆ ಉಗುಳಿ ಆ ಹಳೇ ಸದ್ದು ಬಂತು. ಪಕ್ಕದ ಮನೆಯವರು ಕಾಂಪೌಂಡಿಗೆ ಬಂದು ನಿಂತರು.

ಅಪ್ಪ ಹೆಲ್ಮೆಟ್ ಹಾಕಿಕೊಂಡು ಹಾಲಿನ ಡೈರಿವರೆಗೆ ಹೋಗಿ ಬಂದರು. ಈಗ ವಾರಕ್ಕೆ ಎರಡು ದಿನ, ಊರೊಳಗಷ್ಟೇ. ಕಿಕ್ ಹೊಡೆಯೋದು ಎದುರು ಮನೆಯ ಪಿ.ಯು. ಹುಡುಗ. ಮೊನ್ನೆ ಫೋನಿನಲ್ಲಿ ಅಪ್ಪ ಅಂದಿದ್ದು: ‘ಅವನಿಗೆ ಪರೀಕ್ಷೆ ಅಂತೆ, ಈ ವಾರ ನೀನೇ ಬರ್ತೀಯಾ?’