ದಂಡವೊಂದೇ ಸಾಲದು

ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಮಾಡಿದವರಿಗೆ ವಿಧಿಸುವ ದಂಡವನ್ನು ಕರ್ನಾಟಕವು 2025ರಲ್ಲಿ 1000 ರೂಪಾಯಿಗೆ ಏರಿಸಿತು. ಕ್ರಮ ಸ್ವಾಗತಾರ್ಹ. ಆದರೆ ದಂಡವು ಬೀದಿಯ ಹೊಗೆಯನ್ನು ತಡೆದೀತೇ ಹೊರತು ಚಟವನ್ನು ಬಿಡಿಸಲಾರದು. ನಿಕೋಟಿನ್ ಮೆದುಳನ್ನೇ ಒಗ್ಗಿಸಿಕೊಂಡಿರುತ್ತದೆ. ತ್ಯಜಿಸಿದ ಮೊದಲ ವಾರಗಳಲ್ಲಿ ಸಿಡುಕು, ನಿದ್ರಾಹೀನತೆ, ತಹತಹ ಸಹಜ. ರಮಝಾನಿನ ಹಗಲಿಡೀ ಬೀಡಿ ಮುಟ್ಟದವನು ಇಫ್ತಾರ್ ಮುಗಿಯುತ್ತಲೇ ಅದನ್ನು ಹಚ್ಚುತ್ತಾನೆ. ಹಗಲು ಎಲ್ಲರೂ ಅವನ ಜೊತೆಗಿದ್ದರು, ರಾತ್ರಿ ಅವನು ಒಂಟಿ ಎಂಬುದೂ ಇದಕ್ಕೊಂದು ಕಾರಣವಲ್ಲವೇ? ಆ ಜೊತೆಯನ್ನು ಕುಟುಂಬವು ವರ್ಷವಿಡೀ ನೀಡಬೇಕು. ಒಂದು ದಿನ ಎಡವಿದವನನ್ನು ಮೂದಲಿಸುವ ಬದಲು, ಎಡವದ ದಿನಗಳನ್ನು ನೆನಪಿಸಬೇಕು. 1800-112-356 ಉಚಿತ ಸಹಾಯವಾಣಿಗೆ ಕರೆ ಮಾಡುವಾಗ ಪಕ್ಕದಲ್ಲಿ ಕುಳಿತಿರಬೇಕು. ತ್ಯಜಿಸಿ ವರ್ಷ ತುಂಬುವಷ್ಟರಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಆ ವರ್ಷವನ್ನು ಅವನು ಒಬ್ಬನೇ ದಾಟಬೇಕಾಗಿ ಬರಬಾರದು.