ಮಗಳ ಹೊಟ್ಟೆನೋವು ಮತ್ತು ತಾಯಿಯ ಮೌನ

ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಆಕೆಯ ತಾಯಿ ಹರಿಹರದಿಂದ ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. "ಮೂರು ತಿಂಗಳಿಂದ ಹೊಟ್ಟೆನೋವು ಅಂತಾಳ್ರೀ ಡಾಕ್ಟ್ರೇ, ಶಾಲೆಗೆ ಹೊರಡೋ ಹೊತ್ತಿಗೇ ಶುರುವಾಗ್ತದೆ" ಎಂದರು. ಜ್ವರ, ವಾಂತಿ ಇರಲಿಲ್ಲ, ತೂಕವೂ ಇಳಿದಿರಲಿಲ್ಲ. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿದ್ದವು. ಭಾನುವಾರ ಮಾತ್ರ ನೋವು ಬರುತ್ತಿರಲಿಲ್ಲ.

ತಾಯಿಯ ಒಪ್ಪಿಗೆ ಪಡೆದು, ನರ್ಸ್ ಎದುರಿನಲ್ಲಿ ಹುಡುಗಿಯನ್ನು ಮಾತನಾಡಿಸಿದೆ. ಅವರದು ತಾಂಡಾದಿಂದ ಬಂದ ಲಂಬಾಣಿ ಕುಟುಂಬ. ಶಾಲೆಯ ಪೋಷಕರ ಸಭೆಗೆ ತಾಯಿಯ ಜೊತೆ ಅಜ್ಜಿಯೂ ಕನ್ನಡಿ ಕೂರಿಸಿದ ಉಡುಪಿನಲ್ಲಿ ಬಂದಿದ್ದರು. ಹುಡುಗಿ ತಾಯಿಯನ್ನು ತಮ್ಮ ಮಾತಿನಲ್ಲಿ "ಯಾಡಿ" ಎಂದು ಕರೆದಳು. ಮರುದಿನದಿಂದ ತರಗತಿಯಲ್ಲಿ ಅವಳಿಗೇ "ಯಾಡಿ" ಎಂಬ ಅಡ್ಡಹೆಸರು. ಊಟದ ಹೊತ್ತಿನಲ್ಲಿ ಪಕ್ಕದವರು ದೂರ ಸರಿದು ಕೂರತೊಡಗಿದರು. ಮನೆಯಲ್ಲಿ ಹೇಳಿದಾಗ ತಾಯಿ, "ಯಾರಿಗೂ ಹೇಳಬ್ಯಾಡ, ಇನ್ಮೇಲೆ ನಾವು ಶಾಲೆ ಕಡೆ ಬರೋದಿಲ್ಲ" ಎಂದರಂತೆ.

ತಾಯಿಯ ಉದ್ದೇಶ ಒಳ್ಳೆಯದೇ. ಆದರೆ ಮಗಳಿಗೆ ಕೇಳಿಸಿದ್ದು ಬೇರೆ: "ನಾಚಿಕೆಪಡಬೇಕಾದವರು ನಾವೇ."

ಅನೇಕರು ಇಂಥ ನೋವನ್ನು ನಾಟಕ ಎನ್ನುತ್ತಾರೆ. ಇದು ನಾಟಕವಲ್ಲ. ಭಯ, ಅವಮಾನಗಳಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಕರುಳಿನ ಚಲನೆ ಏರುಪೇರಾಗುತ್ತದೆ, ಕತ್ತಿನ ಸ್ನಾಯುಗಳು ಬಿಗಿಯುತ್ತವೆ, ನಿದ್ದೆ ಕೆಡುತ್ತದೆ. ದಿನವೂ ಹೀಗಾದರೆ ಖಿನ್ನತೆಗೂ ದಾರಿಯಾಗುತ್ತದೆ. ಹದಿಹರೆಯದಲ್ಲಿ ಮೈ ಬದಲಾಗುತ್ತಿರುವಾಗ, ಓರಗೆಯವರ ಮಾತೇ ಕನ್ನಡಿಯಾಗಿರುವಾಗ ಪೆಟ್ಟು ಇನ್ನೂ ಆಳ.

ತಂದೆತಾಯಿಯ ಬೆಂಬಲ ಈ ಪೆಟ್ಟನ್ನು ತಗ್ಗಿಸುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಬೆಂಬಲವೆಂದರೆ "ಸುಮ್ಮನಿರು" ಎನ್ನುವುದಲ್ಲ. ಮೊದಲು ಮಗಳ ಮಾತನ್ನು ನಂಬಿ, ಪೂರ್ತಿ ಕೇಳಿ. "ತಪ್ಪು ನಿನ್ನದಲ್ಲ" ಎಂದು ಬಾಯಿಬಿಟ್ಟು ಹೇಳಿ. ನಡೆದದ್ದನ್ನು ದಿನಾಂಕದೊಂದಿಗೆ ಬರೆದಿಟ್ಟು ಮುಖ್ಯೋಪಾಧ್ಯಾಯರನ್ನು ಕಾಣಿ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲೆಯಲ್ಲಿ ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಸಹಾಯವಾಣಿ 14416. ಶಾಲೆ ಬಿಡಿಸಿ ಬೇಗ ಮದುವೆ ಮಾಡುವುದು ಪರಿಹಾರವಲ್ಲ. ಅದು ಎರಡನೆಯ ಪೆಟ್ಟು. 18 ತುಂಬುವ ಮುನ್ನ ಅಪರಾಧ ಕೂಡ.

ಒಂದು ಎಚ್ಚರಿಕೆ. ಹೊಟ್ಟೆನೋವನ್ನೆಲ್ಲ ಮನಸ್ಸಿನದೆಂದು ತಳ್ಳಿಹಾಕಬೇಡಿ. ಜ್ವರ, ವಾಂತಿ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ವೈದ್ಯರ ಪರೀಕ್ಷೆ ಆಗಲೇಬೇಕು.

ಲಂಬಾಣಿಗರು ನಮಗೆ ಹೊರಗಿನವರಲ್ಲ. ಅವರು ಆರಾಧಿಸುವ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ನಮ್ಮ ದಾವಣಗೆರೆ ಜಿಲ್ಲೆಯಲ್ಲೇ. ಸಂಡೂರಿನ ಲಂಬಾಣಿ ಕಸೂತಿಯನ್ನು ವಸ್ತುಪ್ರದರ್ಶನದಲ್ಲಿ ಕಂಡರೆ ಮೆಚ್ಚಿ ಕೊಳ್ಳುತ್ತೇವೆ. ಅದೇ ಕಸೂತಿ ತೊಟ್ಟ ಅಜ್ಜಿ ಶಾಲೆಗೆ ಬಂದರೆ ನಮ್ಮ ಮಕ್ಕಳು ನಗುತ್ತಾರೆ! ಈ ನಗು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ನಮ್ಮ ಮನೆಯ ಮಾತಿನಿಂದ ಕಲಿತದ್ದು.

ಆ ತಾಯಿಗೆ ನಾನು ಬರೆದ ಔಷಧಿ ಕಡಿಮೆ. ಶಾಲೆಗೆ ಹೋಗಿ ಬನ್ನಿ, ಅತ್ತೆಯವರನ್ನೂ ಕರೆದೊಯ್ಯಿರಿ ಎಂದೆ. ಹೋದರು. ಮುಖ್ಯೋಪಾಧ್ಯಾಯರು ತರಗತಿಯಲ್ಲಿ ಮಾತನಾಡಿದರು. ತಿಂಗಳ ನಂತರ ಹುಡುಗಿ ಬಂದಾಗ ನೋವು ವಾರಕ್ಕೊಮ್ಮೆಗೆ ಇಳಿದಿತ್ತು. ಪೂರ್ತಿ ಹೋಗಿಲ್ಲ. ಮನೆಯವರ ಬೆಂಬಲ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿ ಕೊಡುತ್ತದೆ, ಪೆಟ್ಟು ಬೀಳುವುದನ್ನು ನಿಲ್ಲಿಸಲಾರದು. ಅದನ್ನು ನಿಲ್ಲಿಸಬೇಕಾದವರು ನಕ್ಕ ಮಕ್ಕಳ ತಂದೆತಾಯಿಗಳು. ಇಂದು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಮಕ್ಕಳನ್ನು ಒಂದು ಮಾತು ಕೇಳಿ: "ನಿಮ್ಮ ತರಗತಿಯಲ್ಲಿ ಯಾರ ಪಕ್ಕ ಯಾರೂ ಕೂರುವುದಿಲ್ಲ?"