ಆಟಕ್ಕೂ ಬೇಕು, ಲೆಕ್ಕಕ್ಕೂ ಬೇಕು

ಬಡಾವಣೆಯ ಶಟಲ್ ಕ್ಲಬ್ಬಿಗೆ ಬೆಳಿಗ್ಗೆ ಆರಕ್ಕೆ ಬರುವ ಹನ್ನೆರಡು ಜನರೂ ಒಂದೇ ಮೊತ್ತದ ಚಂದಾ ಕಟ್ಟಿದವರು. ಎಂಟಕ್ಕೆ ಬಾಗಿಲು ಹಾಕುವಾಗ ಅವರಲ್ಲಿ ಇಬ್ಬರ ಅಂಗಿ ಬೆವರಿನಲ್ಲಿ ತೊಯ್ದಿರುತ್ತದೆ. ಉಳಿದವರು ಹೆಚ್ಚು ಹೊತ್ತು ಕಳೆದದ್ದು ಗೋಡೆಬದಿಯ ಬೆಂಚಿನ ಮೇಲೆ.

ಲೆಕ್ಕ ಹಾಕಿ ನೋಡೋಣ. ಒಂದು ಕೋರ್ಟು, ಎರಡು ಗಂಟೆ, ಗೇಮಿಗೆ 15 ನಿಮಿಷ ಎಂದರೆ 8 ಡಬಲ್ಸ್ ಗೇಮು, 32 ಅವಕಾಶ. ಸರದಿಯಂತೆ ಹಂಚಿದರೆ ತಲೆಗೆ ಎರಡೋ ಮೂರೋ ಗೇಮು ಸಿಗುತ್ತದೆ. ಆದರೆ ನಮ್ಮ ಬಹುತೇಕ ಕ್ಲಬ್ಬುಗಳಲ್ಲಿ ನಡೆಯುವುದು ಗೆದ್ದವರು ನಿಲ್ಲುವ, ಸೋತವರು ಇಳಿಯುವ ಪದ್ಧತಿ. ಪಳಗಿದ ಜೋಡಿಯೊಂದು ಸೋಲದೇ ಉಳಿದರೆ ಆ ಇಬ್ಬರೇ 16 ಅವಕಾಶ ತೆಗೆದುಕೊಳ್ಳುತ್ತಾರೆ. ಮಿಕ್ಕ ಹತ್ತು ಜನರಿಗೆ ಮಿಕ್ಕ 16. ಆರು ಮಂದಿಗೆ ಎರಡು ಗೇಮು, ನಾಲ್ವರಿಗೆ ಒಂದೇ ಒಂದು. ಆ ಒಂದರಲ್ಲೂ ಎದುರಿಗೆ ನಿಂತಿರುವುದು ಅದೇ ಸೋಲದ ಜೋಡಿ!

ಇದು ಅನ್ಯಾಯ. ಇದರ ಹೊಣೆ ಚೆನ್ನಾಗಿ ಆಡುವವರ ಮೇಲಿಲ್ಲ. ಈ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದಿರುವ ಕ್ಲಬ್ಬಿನ ಸಮಿತಿಯ ಮೇಲಿದೆ.

ಬೀದಿಯಾಟದಲ್ಲಿ ಪುಟ್ಟ ತಂಗಿಯೊಬ್ಬಳು ಹಟ ಹಿಡಿದರೆ ಅವಳನ್ನೂ ಸೇರಿಸಿಕೊಂಡು, ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅನ್ನುತ್ತಿದ್ದೆವು. ಐದು ವರ್ಷದ ಮಗುವಿಗೆ ಅದು ಪ್ರೀತಿಯ ಮಾತು. ನಲವತ್ತೈದರಲ್ಲಿ, ವೈದ್ಯರ ಸಲಹೆಯ ಮೇಲೆ ಮೊದಲ ಸಲ ರ್‍ಯಾಕೆಟ್ ಹಿಡಿದು ಬಂದ ಸದಸ್ಯರನ್ನು ಹಾಗೆ ನಡೆಸಿಕೊಳ್ಳುವುದು ಅವಮಾನ. ಮಿಶ್ರ ಡಬಲ್ಸ್‌ನಲ್ಲಿ ಎದುರಾಳಿ ಜೋಡಿಯ ಹೆಣ್ಣುಮಗಳನ್ನೇ ಗುರಿಯಿಟ್ಟು, ನೆಟ್ಟಿನ ಹತ್ತಿರದಿಂದ ಮುಖದ ಮೇಲೆ ಬರುವಂತೆ ಸ್ಮ್ಯಾಷ್ ಹೊಡೆಯುವುದು ಇನ್ನೂ ಕೀಳು. ಶಟಲ್ ಕಾಕ್ ಕಣ್ಣಿಗೆ ಬಡಿದರೆ ದೃಷ್ಟಿಗೇ ಅಪಾಯ. ಇದನ್ನು ನೋಡಿಯೂ ನಕ್ಕು ಸುಮ್ಮನಾಗುವ ಕಾರ್ಯದರ್ಶಿ ಆ ಸ್ಥಾನಕ್ಕೆ ಯೋಗ್ಯರಲ್ಲ.

ಪರಿಹಾರ ಹೊಸದೇನೂ ಅಲ್ಲ. ನಾಲ್ವರು ಕೋರ್ಟಿಗಿಳಿದಾಗ ಎಲ್ಲರಿಗಿಂತ ಬಲವಾದವರು ಎಲ್ಲರಿಗಿಂತ ಹೊಸಬರ ಜೊತೆ ನಿಲ್ಲಲಿ, ನಡುವಿನ ಇಬ್ಬರು ಎದುರಾಗಲಿ. ಗೇಮು ಮುಗಿದ ಮೇಲೆ ಗೆದ್ದವರೂ ಸೋತವರೂ ಇಳಿಯಲಿ. ಅಂತರ ಹೆಚ್ಚಿದ್ದರೆ ದುರ್ಬಲ ಜೋಡಿಗೆ ಮುಂಗಡವಾಗಿ ಪಾಯಿಂಟು ಕೊಡಲಿ. ಈ ಕೊನೆಯ ಮಾತಿಗೆ ಹುಬ್ಬೇರಿಸುವವರು ಹೆಚ್ಚು. ಅವರು ಗಮನಿಸಬೇಕಾದ ಗಣಿತ ಒಂದಿದೆ. ನೂರು ರ್‍ಯಾಲಿಗಳಲ್ಲಿ ಅರವತ್ತನ್ನು ಗೆಲ್ಲುವ ಜೋಡಿ, 21 ಪಾಯಿಂಟಿನ ಹತ್ತು ಗೇಮುಗಳಲ್ಲಿ ಸುಮಾರು ಒಂಬತ್ತನ್ನು ಗೆಲ್ಲುತ್ತದೆ. ಆಟದಲ್ಲಿರುವ ಅಂತರ ಅಷ್ಟು ದೊಡ್ಡದಲ್ಲ, ಫಲಿತಾಂಶದಲ್ಲಿ ಅದು ಬೆಟ್ಟವಾಗುತ್ತದೆ. ದುರ್ಬಲ ಜೋಡಿ 7ರಿಂದ ಎಣಿಕೆ ಶುರುಮಾಡಲಿ, ಗೆಲುವು ಹೆಚ್ಚುಕಡಿಮೆ ಸಮಸಮವಾಗುತ್ತದೆ. ಬಲವಾದ ಜೋಡಿಯೂ ಆಗ ಒಂದು ಸರ್ವಿಸನ್ನೂ ಉಡಾಫೆಯಿಂದ ಹಾಕುವಂತಿಲ್ಲ.

ಇದನ್ನು ದಾನವೆನ್ನುವವರು ಬೆಂಗಳೂರಿನ ರೇಸ್ ಕೋರ್ಸಿನತ್ತ ನೋಡಲಿ. ಅಲ್ಲಿ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಹೆಚ್ಚು ರೇಟಿಂಗಿನ ಕುದುರೆಯ ಬೆನ್ನಿಗೆ ಹೆಚ್ಚು ಭಾರ. ಗಾಲ್ಫ್‌ನವರು ಬೇರೆ ಬೇರೆ ಆರು ಹ್ಯಾಂಡಿಕ್ಯಾಪ್ ಪದ್ಧತಿಗಳನ್ನು ಒಂದುಗೂಡಿಸಿ 2020ರಿಂದ ಜಗತ್ತಿಗೆಲ್ಲ ಒಂದೇ ನಿಯಮ ತಂದರು. ಕರಾವಳಿಯ ಕಂಬಳದಲ್ಲಿ ಹಗ್ಗದ ಓಟಕ್ಕೂ ನೇಗಿಲಿನ ಓಟಕ್ಕೂ ಹಿರಿಯ, ಕಿರಿಯ ಎಂಬ ವಿಭಾಗಗಳಿವೆ. ಕಿರಿಯ ಜೋಡಿ ಕೋಣಗಳನ್ನು ಹಿರಿಯ ಕೋಣಗಳೆದುರು ಓಡಿಸುವುದಿಲ್ಲ. ಕೋಣಗಳಿಗೆ ಇರುವ ನ್ಯಾಯ ನಮ್ಮ ಸದಸ್ಯರಿಗೆ ಯಾಕಿಲ್ಲ?

ಪಳಗಿದವರ ಒಂದು ದೂರು ಮಾತ್ರ ನ್ಯಾಯವಾದದ್ದು. ಸಮಬಲದವರೊಂದಿಗೆ ಆಡದಿದ್ದರೆ ಅವರ ಆಟ ಮೊಂಡಾಗುತ್ತದೆ. ಅದಕ್ಕೆ ವಾರದಲ್ಲಿ ಒಂದು ದಿನವನ್ನೋ ಪ್ರತಿದಿನದ ಕೊನೆಯ ಅರ್ಧ ಗಂಟೆಯನ್ನೋ ಅವರಿಗೇ ಬಿಟ್ಟುಕೊಡಬೇಕು. ಉಳಿದ ಹೊತ್ತು ಕೋರ್ಟು ಎಲ್ಲರದು.

ಪ್ರಕಾಶ್ ಪಡುಕೋಣೆ 1962ರಲ್ಲಿ, ಏಳರ ಹುಡುಗನಾಗಿ, ರಾಜ್ಯ ಜೂನಿಯರ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತರು. ಎರಡೇ ವರ್ಷದಲ್ಲಿ ಅದೇ ಪ್ರಶಸ್ತಿ ಗೆದ್ದರು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣ ಅವರ ಅಭ್ಯಾಸದ ಜಾಗ. ಸೋತವರು ಇಳಿಯಬೇಕೆಂದು ಆ ಹುಡುಗನನ್ನು ಬೆಂಚಿಗೆ ಕಳಿಸಿದ್ದರೆ ಏನಾಗುತ್ತಿತ್ತು? ಎಲ್ಲ ಹೊಸಬರೂ ಚಾಂಪಿಯನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಚಂದಾ ಕಟ್ಟಿದ ಮೇಲೆ ಆಡಬೇಕು, ಆಗಾಗ ಗೆಲ್ಲಲೂಬೇಕು, ಅಷ್ಟೇ.

ಕ್ಲಬ್ಬುಗಳ ಸದಸ್ಯರಲ್ಲಿ ನಮ್ಮ ಮನವಿ ಇಷ್ಟು. ಈ ತಿಂಗಳು ಒಂದು ನೋಟ್‌ಪುಸ್ತಕವನ್ನು ಕೋರ್ಟಿನ ಬಾಗಿಲಲ್ಲಿಡಿ. ಯಾರು ಎಷ್ಟು ಗೇಮು ಆಡಿದರೆಂದು ದಿನವೂ ಬರೆದಿಡಿ. ಅದನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿ. ಅಷ್ಟಾದ ಮೇಲೂ ಪದ್ಧತಿ ಬದಲಿಸದ ಸಮಿತಿಯನ್ನು ಬದಲಿಸಿ.